ಬದಲಿಸಲಾಗದ ಇಟ್ಟಿಗೆ

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅರೇಬಿಕಾ ಬ್ಲಾಕಿನಲ್ಲಿ ವರ್ಷಕ್ಕೆ ಎರಡು ಸಲ ಬೋರರ್ ಹುಡುಕುವ ಕೆಲಸ. ಬಿಳಿ ಕಾಂಡಕೊರಕ ಕಣ್ಣಿಗೆ ಬೀಳುವುದಿಲ್ಲ. ಗಿಡ ಹಸಿರಾಗೇ ನಿಂತಿರುತ್ತದೆ. ಕಾಂಡದ ಮೇಲೆ ಮೆಲ್ಲಗೆ ಕೈಯಾಡಿಸಬೇಕು. ತೊಗಟೆಯ ಕೆಳಗೆ ಒಂದು ಏಣು ಬೆರಳಿಗೆ ತಾಗಿತೋ, ಹುಳು ಒಳಗಿದೆ ಅಂತಲೇ ಲೆಕ್ಕ. ಆ ಗಿಡವನ್ನು ಕಿತ್ತು ಸುಡಬೇಕು. ಮೂವತ್ತು ವರ್ಷದ ಗಿಡ ಗಟ್ಟಿಯಾಗಿರಬಹುದು. ಎಂಟು ವರ್ಷದ್ದು ಒಳಗೇ ಟೊಳ್ಳಾಗಿರಬಹುದು.

ಹಳೆಯ ಅಣು ವಿದ್ಯುತ್ ಸ್ಥಾವರಗಳ ಬಗ್ಗೆ ಓದುವಾಗೆಲ್ಲ ನನಗೆ ಈ ಏಣು ನೆನಪಾಗುತ್ತದೆ.

ಕೈಗಾ ಎಲ್ಲಿ, ಕೊಡಗು ಎಲ್ಲಿ ಅನ್ನಿಸಬಹುದು. ಆದರೆ ಅದರ ತಂತಿ ನಮ್ಮ ತಲೆಯ ಮೇಲೇ ಇದೆ. ಮೈಸೂರಿನಿಂದ ಕೋಝಿಕ್ಕೋಡ್‌ಗೆ ಹೋಗುವ 400 ಕಿಲೋವೋಲ್ಟ್ ಲೈನು ಕೈಗಾದ ಕರೆಂಟನ್ನು ಕೇರಳಕ್ಕೆ ಮುಟ್ಟಿಸಲಿಕ್ಕೆ ಅಂತ ನಮ್ಮ ತೋಟ, ಕಾಡುಗಳನ್ನು ದಾಟಿಕೊಂಡು ಹೋಯಿತು. ಸಾವಿರಾರು ಮರ ಉರುಳಿದವು. ಆ ನೋವು ಇನ್ನೂ ಆರಿಲ್ಲ. ಹಾಗಾಗಿ ಕೈಗಾದ ಆರೋಗ್ಯ ನಮ್ಮ ಮನೆಯ ಮಾತೂ ಹೌದು.

ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರಂದು ನಿಂತಾಗ 962 ದಿನ ಬಿಡದೆ ಓಡಿತ್ತು. ಅದು ಆಗಿನ ವಿಶ್ವದಾಖಲೆ. ಅದು ಮುರಿದದ್ದು ಬ್ರಿಟನ್ನಿನ ಹೇಶಮ್ 2 ಸ್ಥಾವರದ 940 ದಿನದ ದಾಖಲೆಯನ್ನು. ಒಂದರ ದಾಖಲೆಯನ್ನು ಇನ್ನೊಂದು ಮುರಿಯಿತು ನಿಜ, ಆದರೆ ಈ ಎರಡು ಬಗೆಯ ರಿಯಾಕ್ಟರುಗಳಿಗೆ ಮುಪ್ಪು ಬರುವ ರೀತಿಯೇ ಬೇರೆ.

ಕೈಗಾದ್ದು ಭಾರಜಲದ ರಿಯಾಕ್ಟರ್. ಭಾರಜಲ ಅಂದರೆ ಡ್ಯುಟೀರಿಯಂ ಅನ್ನುವ ಭಾರದ ಹೈಡ್ರೋಜನ್ ಇರುವ ನೀರು. 220 ಮೆಗಾವ್ಯಾಟ್‌ನ ಒಂದು ಘಟಕದಲ್ಲಿ ಅಡ್ಡಡ್ಡಲಾಗಿ ಮಲಗಿಸಿದ 306 ಕೊಳವೆಗಳಿರುತ್ತವೆ. ಯುರೇನಿಯಂ ಇಂಧನ ಇರುವುದು ಅವುಗಳೊಳಗೆ. ಕೊಳವೆಯ ಒಳ ಅಗಲ ಸುಮಾರು ಎಂಟು ಸೆಂಟಿಮೀಟರ್. ಗೋಡೆಯ ದಪ್ಪ ಮೂರು ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೇ. ಅದರೊಳಗೆ ಸುಮಾರು 290 ಡಿಗ್ರಿ ಬಿಸಿಯ ಭಾರಜಲ, ಭಾರೀ ಒತ್ತಡದಲ್ಲಿ, ವರ್ಷಾನುಗಟ್ಟಲೆ ಹರಿಯುತ್ತಿರುತ್ತದೆ. ಜೊತೆಗೆ ನ್ಯೂಟ್ರಾನುಗಳ ಸುರಿಮಳೆ.

ಇಷ್ಟನ್ನೂ ತಾಳಿಕೊಳ್ಳುವ ಜಿರ್ಕೋನಿಯಂ ಮಿಶ್ರಲೋಹ ನಿಧಾನಕ್ಕೆ ಸೋಲುತ್ತದೆ. ಕೊಳವೆ ಉದ್ದವಾಗುತ್ತದೆ, ಉಬ್ಬುತ್ತದೆ, ಫಸಲು ತೂಗಿದ ಕೊಂಬೆಯ ಹಾಗೆ ನಡುವಲ್ಲಿ ಜೋಲುತ್ತದೆ. ಭಾರಜಲದಿಂದ ಡ್ಯುಟೀರಿಯಂ ಹೀರಿಕೊಳ್ಳುತ್ತಾ ಪೆಡಸಾಗುತ್ತದೆ. ಪ್ರತಿ ಕೊಳವೆಯ ಹೊರಗೆ ಇನ್ನೊಂದು ತಣ್ಣನೆಯ ಕೊಳವೆ ಇದೆ. ಎರಡೂ ತಾಗದಿರಲಿ ಅಂತ ನಡುವೆ ಬಳೆಯಂಥ ಸ್ಪ್ರಿಂಗುಗಳು. ಜೋತ ಕೊಳವೆ ಹೊರಗಿನದಕ್ಕೆ ತಾಗಿದರೆ ಆ ಜಾಗ ತಣ್ಣಗಾಗುತ್ತದೆ. ಹೈಡ್ರೋಜನ್, ಡ್ಯುಟೀರಿಯಂ ಎಲ್ಲ ಅಲ್ಲಿಗೇ ಬಂದು ಸೇರಿ ಗುಳ್ಳೆ ಕಟ್ಟುತ್ತವೆ, ಅಲ್ಲಿಂದ ಬಿರುಕು ಶುರು. ಕೆನಡಾದ ಪಿಕರಿಂಗ್‌ನಲ್ಲಿ 1983ರ ಆಗಸ್ಟ್‌ನಲ್ಲಿ ಒಂದು ಕೊಳವೆ ಸೀಳಿಹೋದದ್ದು ಹೀಗೇ. ಅದು ಹಳೇ ಮಿಶ್ರಲೋಹದ ಕೊಳವೆ. ಈಗಿನವು ನಿಯೋಬಿಯಂ ಬೆರೆಸಿದ ಜಿರ್ಕೋನಿಯಂನವು.

ಇದನ್ನು ಮೊದಲೇ ತಿಳಿಯುವುದು ಹೇಗೆ? ಭಾಭಾ ಅಣು ಸಂಶೋಧನಾ ಕೇಂದ್ರದವರು ಬಾರ್ಸಿಸ್ ಅನ್ನುವ ಉಪಕರಣ ಮಾಡಿದ್ದಾರೆ. ಅದು ಕೊಳವೆಯೊಳಗೆ ಹೋಗಿ ಶಬ್ದದ ಅಲೆಗಳಿಂದ ಗೋಡೆಯನ್ನು ತಡವಿ ನೋಡುತ್ತದೆ. ಇನ್ನೊಂದು ಉಪಕರಣ ಒಳಗೋಡೆಯಿಂದ ಒಂದು ಸಣ್ಣ ಚೂರು ಕೆರೆದು ತರುತ್ತದೆ. ಅದರಲ್ಲಿ ಹೈಡ್ರೋಜನ್ ಎಷ್ಟಿದೆ ಅಂತ ಲ್ಯಾಬಿನಲ್ಲಿ ಅಳೆಯುತ್ತಾರೆ. ನಾವು ಕಾಂಡ ತಡವುವುದು, ಅನುಮಾನ ಬಂದರೆ ತೊಗಟೆ ಕೆರೆಯುವುದು, ಎಲ್ಲ ಇದೇ ಕೆಲಸ ಅಲ್ವಾ?

ಒಳ್ಳೆಯ ಸಂಗತಿ ಏನೆಂದರೆ ಈ ಕೊಳವೆಗಳನ್ನು ಬದಲಿಸಬಹುದು. ರಿಯಾಕ್ಟರನ್ನು ನಿಲ್ಲಿಸಿ 306 ಕೊಳವೆಗಳನ್ನೂ ಹೊರಗೆಳೆದು ಹೊಸತು ಹಾಕುತ್ತಾರೆ. ವರ್ಷಗಟ್ಟಲೆ ಹಿಡಿಯುವ ಕೆಲಸ. ರಾಜಸ್ಥಾನ, ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್‌ಗಳಲ್ಲಿ ಇದು ಆಗಿದೆ. ಆಮೇಲೆ ಸ್ಥಾವರಕ್ಕೆ ಎರಡನೇ ಆಯಸ್ಸು.

ಹೇಶಮ್ 2ಕ್ಕೆ ಈ ಭಾಗ್ಯ ಇಲ್ಲ. ಬ್ರಿಟನ್ನಿನ ಅಣು ಸ್ಥಾವರಗಳನ್ನು ಈಗ ನಡೆಸುತ್ತಿರುವುದು ಫ್ರಾನ್ಸ್ ಮೂಲದ ಇಡಿಎಫ್ ಕಂಪನಿ. ಸೈಜ್‌ವೆಲ್ ಬಿ ಒಂದನ್ನು ಬಿಟ್ಟರೆ ಅದರ ಕೈಯಲ್ಲಿದ್ದ ಸ್ಥಾವರಗಳೆಲ್ಲ ಗ್ರಾಫೈಟ್ ಇಟ್ಟಿಗೆಯವು. ಸಾವಿರಾರು ಇಟ್ಟಿಗೆಗಳನ್ನು ಜೋಡಿಸಿ ಎತ್ತರದ ಗೂಡು ಕಟ್ಟಿದ್ದಾರೆ. ಅದರ ತೂತುಗಳಲ್ಲಿ ಇಂಧನ, ಮತ್ತೆ ರಿಯಾಕ್ಟರನ್ನು ನಿಲ್ಲಿಸಲು ಕೆಳಗಿಳಿಸುವ ನಿಯಂತ್ರಣ ಸಲಾಕೆ. ತಂಪು ಮಾಡಲು ಹರಿಸುವ ಇಂಗಾಲದ ಡೈಆಕ್ಸೈಡ್ ವಿಕಿರಣದಡಿ ಗ್ರಾಫೈಟನ್ನೇ ಚೂರುಚೂರಾಗಿ ತಿನ್ನುತ್ತದೆ. ಇಟ್ಟಿಗೆ ಹಗುರಾಗುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ಅದನ್ನು ತೆಗೆದು ಬೇರೆ ಇಡಲು ಆಗುವುದಿಲ್ಲ. ಇಡೀ ರಿಯಾಕ್ಟರಿನ ಆಯಸ್ಸು ಆ ಇಟ್ಟಿಗೆಯ ಆಯಸ್ಸೇ.

2018ರಲ್ಲಿ ಸ್ಕಾಟ್ಲೆಂಡಿನ ಹಂಟರ್‌ಸ್ಟನ್ ಬಿ ಯ ಒಂದು ರಿಯಾಕ್ಟರಿನಲ್ಲಿ ಸುಮಾರು 370 ಬಿರುಕುಗಳಿವೆ ಅಂತ ಲೆಕ್ಕ ಸಿಕ್ಕಿತು. ಆಗ ಒಪ್ಪಿಗೆಯಿದ್ದ ಮಿತಿ 350. ತಪಾಸಣೆಗೆ ಅಂತ ನಿಲ್ಲಿಸಿದ್ದ ರಿಯಾಕ್ಟರ್ ನಿಂತೇ ಇತ್ತು. ಭೂಕಂಪವಾದರೂ ಗೂಡು ಸೊಟ್ಟಗಾಗದೆ ಸಲಾಕೆಗಳು ಕೆಳಗಿಳಿಯುತ್ತವೆ ಅಂತ ನಿಯಂತ್ರಕರಿಗೆ ಸಾಬೀತು ಮಾಡಿ, 2020ರ ಆಗಸ್ಟ್‌ನಲ್ಲಿ ಮತ್ತೆ ಓಡಿಸಿದರು. 2022ರ ಜನವರಿಯಲ್ಲಿ ಸ್ಥಾವರ ಶಾಶ್ವತವಾಗಿ ಮುಚ್ಚಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಬಗೆಯ ಹಿಂಕ್ಲಿ ಪಾಯಿಂಟ್ ಬಿ ಕೂಡ. ಇದರಲ್ಲಿ ನನಗೆ ಹಿಡಿಸಿದ್ದು ಒಂದು: ಬಿರುಕಿನ ಲೆಕ್ಕವನ್ನು ಮುಚ್ಚಿಡಲಿಲ್ಲ. ಫೋಟೋ ಸಮೇತ ಜನರ ಮುಂದಿಟ್ಟರು.

ತಪ್ಪಾದದ್ದು ಬೇರೆ ಕಡೆ. ಹಳೇ ಬ್ಲಾಕು ಕೀಳುವ ಮೊದಲೇ ಸಸಿ ನೆಡಬೇಕು ಅನ್ನುವುದು ತೋಟ ಮಾಡುವವರಿಗೆಲ್ಲ ಗೊತ್ತು. ಅರೇಬಿಕಾ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕಲ್ಲ. ಬ್ರಿಟನ್ನಿನಲ್ಲಿ 1995ರ ಸೈಜ್‌ವೆಲ್ ಬಿ ಆದ ಮೇಲೆ ಹೊಸ ರಿಯಾಕ್ಟರಿಗೆ ಮೊದಲ ಕಾಂಕ್ರೀಟ್ ಬಿದ್ದದ್ದು 2018ರ ಡಿಸೆಂಬರ್‌ನಲ್ಲಿ, ಹಿಂಕ್ಲಿ ಪಾಯಿಂಟ್ ಸಿ ಯಲ್ಲಿ. ಆ ಹೊತ್ತಿಗೆ ಕೆಲಸ ಗೊತ್ತಿದ್ದ ಬಹಳ ಜನ ನಿವೃತ್ತರಾಗಿದ್ದರು. ಎರಡು ರಿಯಾಕ್ಟರ್, ಒಟ್ಟು ಸುಮಾರು 3,200 ಮೆಗಾವ್ಯಾಟ್. ಖರ್ಚು ಏರುತ್ತಲೇ ಹೋಯಿತು, ದಿನ ಮುಂದಕ್ಕೆ ಹೋಗುತ್ತಲೇ ಬಂತು. ಪಕ್ಕದ ಹಳೇದು ಮುಚ್ಚಿದರೂ ಹೊಸದು ಕರೆಂಟು ಕೊಡುತ್ತಿಲ್ಲ. ಅದಕ್ಕೇ ಹೇಶಮ್ 2 ಮತ್ತು ಅದೇ ಬಗೆಯ ಟಾರ್ನೆಸ್‌ಗಳನ್ನು 2030ರ ಮಾರ್ಚ್‌ವರೆಗೆ ಓಡಿಸುವುದಾಗಿ 2024ರಲ್ಲಿ ಹೇಳಿದರು.

ನಮ್ಮಲ್ಲಿ ಕಟ್ಟುವ ಕೈ ಪೂರ್ತಿ ನಿಂತಿರಲಿಲ್ಲ. ಆದರೂ ಕಾಕ್ರಾಪಾರ್‌ನ 700 ಮೆಗಾವ್ಯಾಟ್‌ನ ಮೂರನೇ ಘಟಕಕ್ಕೆ 2010ರಲ್ಲಿ ಕಾಂಕ್ರೀಟ್ ಬಿದ್ದು, ಪೂರ್ಣ ಶಕ್ತಿಯಲ್ಲಿ ಓಡಿದ್ದು 2023ರಲ್ಲಿ. ಕೈಗಾದ 5 ಮತ್ತು 6ನೇ ಘಟಕಗಳೂ ಅದೇ ಅಳತೆಯವು.

ಅತ್ತ ಕೈಗಾ 1 ಮತ್ತು 2, ಎರಡೂ 2000ನೇ ಇಸವಿಯವು, ಕಾಲು ಶತಮಾನ ದಾಟಿವೆ. ಕೊಳವೆ ಬದಲಿಸುವ ವಯಸ್ಸಿಗೆ ಬಂದಿವೆ. ಯಾವ ಕೊಳವೆ ಎಷ್ಟು ಜೋತಿದೆ, ಕೆರೆದ ಚೂರಿನಲ್ಲಿ ಎಷ್ಟು ಹೈಡ್ರೋಜನ್ ಸಿಕ್ಕಿತು ಅನ್ನುವ ಲೆಕ್ಕ ಕೈಗಾದ ಪಕ್ಕದ ಕದ್ರಾದಲ್ಲಿರುವವರಿಗೂ, ಲೈನಿನ ಕೆಳಗೆ ಬದುಕುವ ನಮಗೂ ಕನ್ನಡದಲ್ಲೇ ಓದಲು ಸಿಗಬೇಕು. ಹಂಟರ್‌ಸ್ಟನ್ನಿನ ಜನರಿಗೆ ಅವರ ಭಾಷೆಯಲ್ಲಿ ಸಿಕ್ಕಿತಲ್ಲ, ಹಾಗೆ.