ಪಿರಾನಾ ಸಾಕೋದು ಒಂದ್ಕಡೆ ಶೋಕಿ, ಗಡಿ ದಾಟಿದ್ರೆ ಕೇಸು: ಈ ಗೋಜಲು ಶುರುವಾಗಿದ್ದೆಲ್ಲಿ?

ಪಿರಾನಾ ಅನ್ನೋ ಚೂಪು ಹಲ್ಲಿನ ಮೀನನ್ನ ಸಾಕಬಹುದಾ ಅಂತ ಯಾರಾದ್ರೂ ಕೇಳಿದ್ರೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಮೊದಲು ಯಾವ ದೇಶ ಅಂತ ಕೇಳ್ಬೇಕು, ಅಮೆರಿಕ ಅಂದ್ರೆ ಯಾವ ರಾಜ್ಯ ಅಂತ ಕೇಳ್ಬೇಕು, ಅದೂ ಸಾಲದು ಅಂದ್ರೆ ಯಾವ ಸಿಟಿ ಅಂತಾನೂ ಕೇಳ್ಬೇಕು. ಮಿಷಿಗನ್‌ನಲ್ಲಿ ಮನೆ ಟ್ಯಾಂಕಲ್ಲಿ ಇಟ್ಕೊಂಡ್ರೆ ಯಾರೂ ಬಂದು ಬಾಗಿಲು ಬಡಿಯಲ್ಲ, ಅದೇ ಮೀನನ್ನ ಕ್ಯಾಲಿಫೋರ್ನಿಯಾಗೋ ಟೆಕ್ಸಾಸ್‌ಗೋ ಫ್ಲೋರಿಡಾಗೋ ತಗೊಂಡು ಹೋದ್ರೆ ಕಾನೂನು ಮುರಿದ ಹಾಗೆ. ಬ್ರಿಟನ್ನಲ್ಲಿ ಟ್ಯಾಂಕಲ್ಲಿ ಇದ್ರೆ ಪರವಾಗಿಲ್ಲ, ಹೊರಗಿನ ನೀರಿಗೆ ಬಿಟ್ರೆ ಅಪರಾಧ. ಫಿಲಿಪೀನ್ಸ್ 1979ರಲ್ಲೇ ಜೀವಂತ ಪಿರಾನಾ ತರಿಸೋದಕ್ಕೆ ತಡೆ ಹಾಕ್ತು. ಮೀನು ಒಂದೇ, ಹಲ್ಲೂ ಅವೇ, ರೂಲ್ಸ್ ಮಾತ್ರ ಬೇರೆ ಬೇರೆ.

ಇದು ಹೀಗಾಗೋಕೆ ಒಂದು ಕತೆ ಇದೆ, ನಿಜವಾಗ್ಲೂ ಕತೆಯೇ. ಪಿರಾನಾ ಅನ್ನೋದು ಒಂದೇ ಜಾತಿಯ ಮೀನಲ್ಲ, ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ, ಪರಾನಾ ಈ ಕಡೆಯ ನದಿಗಳಲ್ಲಿರೋ ಹತ್ತಾರು ಜಾತಿ. ಟ್ಯಾಂಕಲ್ಲಿ ಸಾಮಾನ್ಯವಾಗಿ ಕಾಣೋದು ಕೆಂಪು ಹೊಟ್ಟೆಯದ್ದು, ಅದಕ್ಕೆ 1858ರಲ್ಲೇ ವೈಜ್ಞಾನಿಕ ಹೆಸರು ಸಿಕ್ಕಿತ್ತು, ಆದ್ರೆ ಆಗ ಅದನ್ನ ನೋಡಿ ಹೊರಗಿನ ಜಗತ್ತಲ್ಲಿ ಯಾರೂ ಬೆಚ್ಚಿ ಬಿದ್ದಿರಲಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1913-14ರಲ್ಲಿ ಬ್ರೆಜಿಲ್ ಕಾಡು ಸುತ್ತಿ ಬಂದು, ಜಗತ್ತಿನಲ್ಲೇ ಇದಕ್ಕಿಂತ ಕ್ರೂರ ಮೀನಿಲ್ಲ ಅನ್ನೋ ಹಾಗೆ ಬರೆದ್ರು. ಅವರಿಗೆ ತೋರಿಸೋಕೆ ಅಂತಾನೇ ನದಿಯ ಒಂದು ತುಂಡಿಗೆ ಬಲೆ ಕಟ್ಟಿ, ಮೀನುಗಳನ್ನ ದಿನಗಟ್ಟಲೆ ಉಪವಾಸ ಕೆಡವಿ, ಆಮೇಲೆ ಹಸು ನೂಕಿದ್ರು ಅಂತ ಹೇಳ್ತಾರೆ, ಇದೆಷ್ಟು ನಿಜ ಅನ್ನೋದು ಬಿಡಿ. ಮಜಾ ಏನಂದ್ರೆ 1915ರಲ್ಲಿ ಈ ಮೀನಿನ ಕುಲಕ್ಕೇ, ಅಂದ್ರೆ ಹತ್ತಿರದ ಜಾತಿಗಳ ಗುಂಪಿಗೇ, ರೂಸ್‌ವೆಲ್ಟಿಯೆಲ್ಲಾ ಅಂತ ಹೆಸರಿಟ್ರು. ವಿಜ್ಞಾನಿಗಳು ಆಮೇಲೆ ಆ ಹೆಸರು ಕೈಬಿಟ್ರೂ ಕ್ಯಾಲಿಫೋರ್ನಿಯಾದ ನಿಷೇಧದ ಪಟ್ಟಿ ಬಿಡ್ಲಿಲ್ಲ, ಹೆದರಿಸಿದವರ ಹೆಸರೇ ಕಾನೂನಿನ ಒಳಗೆ ಹೋಗಿ ಕೂತ್ಕೊಂಡಿದೆ.

ಎರಡನೇ ಮಹಾಯುದ್ಧ ಮುಗೀತು, ವಿಮಾನ ಅಗ್ಗ ಆಯ್ತು, ಪ್ಲಾಸ್ಟಿಕ್ ಚೀಲ ಬಂತು, ಮನೆಮನೆಗೆ ಉಷ್ಣವಲಯದ ಮೀನು ಬಂತು, ಅದರ ಜೊತೆ ಪಿರಾನಾ ಮರಿಗಳೂ ಬಂದ್ವು.

ಇಲ್ಲಿಂದ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಬರೀ ಭಯದ ಮೇಲೆ ಕಾನೂನು ಮಾಡಿದ್ರು ಅಂತ ಸುಲಭವಾಗಿ ನಗಾಡಿಬಿಡಬಹುದು, ಆದ್ರೆ ಫ್ಲೋರಿಡಾದ ಒಂದು ಕೊಳದ ವಿಷಯ ಗೊತ್ತಾದ್ರೆ ಹಂಗೆ ನಗೋಕಾಗಲ್ಲ. ಮಯಾಮಿ ಹತ್ರ ಒಂದು ಪ್ರವಾಸಿ ತಾಣ, ಅಲ್ಲೊಂದು ಕೊಳ, ಅದರಲ್ಲಿ ಪಿರಾನಾ. ಅವು ಬರೀ ಬದುಕಿ ಉಳಿದಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲವೇನೋ, ಮರಿ ಹಾಕೋಕೆ ಶುರು ಮಾಡಿದ್ವು. ಅಂದ್ರೆ ಅಮೆರಿಕದ ನೀರಲ್ಲಿ ಇವು ಸಂಸಾರ ಹೂಡಬಲ್ಲವು ಅನ್ನೋದಕ್ಕೆ ಕಣ್ಣೆದುರಿಗೇ ಪುರಾವೆ ಸಿಕ್ತು. 1977ರಲ್ಲಿ ರಾಜ್ಯದ ಮೀನುಗಾರಿಕೆ ಜನ ರೊಟೆನೋನ್ ಅನ್ನೋ ಮೀನು ವಿಷ ಹಾಕಿ ಆ ಕೊಳದ ಪಿರಾನಾ ಸಂತಾನವನ್ನೇ ಮುಗಿಸಿದ್ರು. ರೊಟೆನೋನ್‌ಗೆ ಪಿರಾನಾ ಯಾವುದು, ಪಾಪದ ಮೀನು ಯಾವುದು ಅಂತ ಭೇದ ಗೊತ್ತಾಗಲ್ಲ, ನೀರಲ್ಲಿ ಕಿವಿರಿನಿಂದ ಉಸಿರಾಡೋದಕ್ಕೆಲ್ಲ ಹೊಡೆಯತ್ತೆ. ಒಂದು ಸಣ್ಣ ಕೊಳ ಆಗಿದ್ದಕ್ಕೆ ಇದು ಸಾಧ್ಯ ಆಯ್ತು, ಅದೇ ಕಾಲುವೆ ಜಾಲಕ್ಕೆ ಸೇರ್ಕೊಂಡಿದ್ರೆ ಎಷ್ಟು ಕಡೆ ವಿಷ ಹಾಕೋಕಾಗ್ತಿತ್ತು? ದಕ್ಷಿಣ ಫ್ಲೋರಿಡಾ ಅಂದ್ರೆ ಕಾಲುವೆ, ಜೌಗು, ಒಂದಕ್ಕೊಂದು ತಾಗ್ಕೊಂಡಿರೋ ನೀರು, ಮೇಲಿಂದ ವರ್ಷಪೂರ್ತಿ ಬೆಚ್ಚಗೆ. ಪಿರಾನಾಗೆ 24ರಿಂದ 28 ಡಿಗ್ರಿ ನೀರು ಹಿತ, ನೀರು ಕೊರೆಯೋಷ್ಟು ತಣ್ಣಗಾದ್ರೆ ಸಾಯತ್ತೆ. ಹಾಗಾಗಿ ಬೆಚ್ಚಗಿನ ರಾಜ್ಯಗಳು ಹೆದರಿದ್ದಕ್ಕೆ ಅರ್ಥ ಇದೆ. ಚಳಿಗಾಲದಲ್ಲಿ ನೀರು ತೀರಾ ತಣ್ಣಗಾಗೋ ವಾಷಿಂಗ್ಟನ್ ತರದ ಉತ್ತರದ ರಾಜ್ಯ ಕೂಡ ಯಾಕೆ ನಿಷೇಧ ಮಾಡ್ತು ಅನ್ನೋದಕ್ಕೆ ಮಾತ್ರ ಥರ್ಮಾಮೀಟರಲ್ಲಿ ಉತ್ತರ ಸಿಗಲ್ಲ.

ಇನ್ನೊಂದು ವಿಚಿತ್ರ, ಇಡೀ ಅಮೆರಿಕಕ್ಕೆ ಅನ್ವಯ ಆಗೋ ಹಾನಿಕಾರಕ ಪ್ರಾಣಿಗಳ ಕೇಂದ್ರ ಪಟ್ಟಿಯಲ್ಲಿ ಪಿರಾನಾ ಇಲ್ಲ. ನಡೆದಾಡೋ ಕ್ಯಾಟ್‌ಫಿಶ್ ಇದೆ, 2002ರಲ್ಲಿ ಸ್ನೇಕ್‌ಹೆಡ್ ಅನ್ನೋ ಮೀನು ಸೇರ್ಕೊಳ್ತು, ಪಿರಾನಾ ಮಾತ್ರ ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಹಾಗಂತ ಕೇಂದ್ರ ಕಾನೂನು ಕೈಕಟ್ಟಿ ಕೂರತ್ತೆ ಅಂತಲ್ಲ, 1900ರ ಲೇಸಿ ಕಾಯ್ದೆ ಪ್ರಕಾರ ಸುಳ್ಳು ಹೆಸರಲ್ಲಿ ಪ್ರಾಣಿ ಸಾಗಿಸಿದ್ರೆ ತಪ್ಪು. 2011-12ರ ಸುಮಾರಿಗೆ 39 ಸಾವಿರಕ್ಕೂ ಹೆಚ್ಚು ಪಿರಾನಾ ನ್ಯೂಯಾರ್ಕಿಗೆ ಬಂದವು, ಕಾಗದದಲ್ಲಿ ಮಾತ್ರ ಅವೆಲ್ಲ ಸಾಧು ಟೆಟ್ರಾ ಮೀನು. ನ್ಯೂಯಾರ್ಕ್ ಸಿಟಿಯಲ್ಲಿ ಪಿರಾನಾ ಇಟ್ಕೊಳ್ಳೋದೇ ನಿಷಿದ್ಧ. ಕೊನೆಗೆ ಅವನ್ನ ತರಿಸಿದ ವ್ಯಾಪಾರಿ ಕೋರ್ಟಲ್ಲಿ ತಪ್ಪೊಪ್ಪಿಕೊಂಡಿದ್ದು ಆ ಸುಳ್ಳು ಲೇಬಲ್ ವಿಷಯಕ್ಕೆ. ಬೆರಳುದ್ದದ ಮರಿಗಳು ಚೀಲದಲ್ಲಿ ಮಿಣಮಿಣ ಅಂತಿದ್ರೆ ಯಾವುದು ಯಾವುದು ಅಂತ ತಜ್ಞರೂ ಒಂದು ಸಲ ಕನ್ನಡಕ ಸರಿ ಮಾಡ್ಕೋಬೇಕು.

ಗುರುತಿನ ಗೊಂದಲ ಉಲ್ಟಾ ಕೂಡ ಆಗತ್ತೆ. ಪಾಕು ಅಂತ ಪಿರಾನಾದ ನೆಂಟ ಮೀನಿದೆ, ಮರಿಯಲ್ಲಿ ಅದಕ್ಕೂ ಕೆಂಪು ಹೊಟ್ಟೆ, ದೊಡ್ಡದಾದ್ಮೇಲೆ ಬಾಯಿ ತೆಗೆದ್ರೆ ಮಾತ್ರ ಗೊತ್ತಾಗತ್ತೆ, ಪಿರಾನಾದ್ದು ತ್ರಿಕೋನದ ಬ್ಲೇಡು, ಪಾಕುದು ನಮ್ಮ ದವಡೆ ಹಲ್ಲಿನ ಹಾಗೆ ಚಪ್ಪಟೆ, ಕಾಯಿ ಬೀಜ ಒಡೆಯೋಕೆ. ಕೆರೆಯಲ್ಲಿ ಪಿರಾನಾ ಸಿಕ್ತು ಅಂತ ಬರೋ ಸುದ್ದಿಗಳಲ್ಲಿ ಎಷ್ಟೋ ಸಲ ಸಿಕ್ಕಿರೋದು ಪಾಕು. 2013ರಲ್ಲಿ ಡೆನ್ಮಾರ್ಕ್ ಸ್ವೀಡನ್ ನಡುವಿನ ನೀರಲ್ಲಿ ಒಂದೇ ಒಂದು ಪಾಕು ಸಿಕ್ಕಿದ್ದಕ್ಕೆ, ಈಜೋ ಗಂಡಸರು ಚಡ್ಡಿ ಬಿಗಿಯಾಗಿ ಕಟ್ಕೊಳ್ಳಿ, ಕಾಯಿ ಬೀಜ ಅಂದ್ಕೊಂಡು ಕಚ್ಚಿಬಿಟ್ಟೀತು ಅಂತ ಮ್ಯೂಸಿಯಂನವರು ತಮಾಷೆ ಮಾಡಿದ್ದು ಜಗತ್ತಿಡೀ ಗಂಭೀರ ಸುದ್ದಿಯಾಗಿ ಓಡ್ತು.

ಹಾಗಾದ್ರೆ ಪಿರಾನಾ ಕಚ್ಚಲ್ವಾ? ಕಚ್ಚತ್ತೆ. ಬ್ರೆಜಿಲ್ಲಿನ ಸಾವೊ ಪಾಲೊ ರಾಜ್ಯದಲ್ಲಿ ಅಣೆಕಟ್ಟು ಕಟ್ಟಿ ನಿಂತ ನೀರಲ್ಲಿ ಐದು ವೀಕೆಂಡಲ್ಲಿ 38 ಜನಕ್ಕೆ ಕಚ್ಚಿದ್ವು, ಅದನ್ನ ನೋಡಿದ ಸಂಶೋಧಕರು 2003ರಲ್ಲಿ ಬರೆದಿದ್ದು ಏನಂದ್ರೆ ಒಬ್ಬೊಬ್ಬರಿಗೆ ಒಂದೊಂದೇ ಕಡಿತ, ಗೂಡು ಕಾಯೋ ಮೀನು ಹತ್ರ ಬಂದವರಿಗೆ ಬಾಯಿ ಹಾಕಿದ್ದು, ಹಿಂಡು ಬಂದು ಮೂಳೆ ಬಿಟ್ಟು ಹೋಗಿದ್ದಲ್ಲ. 2005ರಲ್ಲಿ ಆನ್ ಮಗುರಾನ್ ಮತ್ತೆ ಎಲ್ಡರ್ ಕೇರೋಸ್ ಅನ್ನೋ ಸಂಶೋಧಕರು ತೋರಿಸಿದ್ದು ಇನ್ನೂ ತಮಾಷೆ, ಕೆಂಪು ಹೊಟ್ಟೆ ಪಿರಾನಾ ಗುಂಪು ಕಟ್ಟೋದು ಬೇಟೆಗಲ್ಲ, ತನ್ನನ್ನ ತಿನ್ನೋರಿಂದ ತಪ್ಪಿಸ್ಕೊಳ್ಳೋಕೆ. ಸಾಕಿದವರಿಗೆ ಇದು ಹೊಸ ವಿಷಯವೇ ಅಲ್ಲ, ರೂಮಿನ ಲೈಟ್ ಹಾಕಿದ್ರೆ ಸಾಕು ಮೂಲೆಗೆ ಹೋಗಿ ಒತ್ತರಿಸಿ ನಿಂತ್ಕೊಳ್ಳತ್ತೆ ಅಂತ ಅವರೇ ಹೇಳ್ತಾರೆ. ಅಬ್ಬರ ನೋಡೋಣ ಅಂತ ತಂದವರಿಗೆ ನಿರಾಸೆ ಆಗೋದು ಇಲ್ಲೇ.

ನನಗೆ ಅನ್ಸೋದು, ಎಡವಟ್ಟು ಶುರು ಆಗೋದೂ ಈ ನಿರಾಸೆಯಿಂದಾನೇ. ಅಂಗೈಗಿಂತ ಸಣ್ಣದು ಅಂತ ತಂದ ಮರಿ 25-30 ಸೆಂಟಿಮೀಟರ್ ಬೆಳೆಯತ್ತೆ, ಹತ್ತು ವರ್ಷ ದಾಟಿ ಬದುಕತ್ತೆ, ಒಂಟಿಯಾಗಿ ಇಟ್ರೆ ಮಂಕಾಗತ್ತೆ, ಜೊತೆ ಹಾಕಿದ್ರೆ ಒಂದರ ರೆಕ್ಕೆ ಇನ್ನೊಂದು ಕೀಳತ್ತೆ, ನಾಲ್ಕೈದು ಮೀನಿಗೆ ನೂರಾರು ಲೀಟರಿನ ಟ್ಯಾಂಕು, ದೊಡ್ಡ ಫಿಲ್ಟರು, ಹೀಟರು ಬೇಕು. ಮನೆ ಬದಲಾಯಿಸೋ ದಿನ ಬಂದಾಗ ಬಕೆಟ್ಟು ಕೆರೆ ಕಡೆ ಹೋಗತ್ತೆ. 2004ರಲ್ಲಿ ಲಂಡನ್ನಿನ ಡಾಗೆನ್‌ಹ್ಯಾಮ್ ಹತ್ರ ಥೇಮ್ಸ್ ನದಿಯಲ್ಲಿದ್ದ ಬೋಟಿನ ಮೇಲೆ ಆಕಾಶದಿಂದ ಒಂದು ಕೆಂಪು ಹೊಟ್ಟೆ ಪಿರಾನಾ ಬಿತ್ತು, ಕಡಲಹಕ್ಕಿ ಎತ್ಕೊಂಡು ಬಂದು ಬೀಳಿಸಿದ್ದು, ಫೆಬ್ರವರಿಯ ಆ ಚಳಿ ನೀರಿಗೆ ಅದು ಹೇಗೆ ಬಂದಿರತ್ತೆ ಅಂತ ಬೇರೆ ಹೇಳ್ಬೇಕಾಗಿಲ್ಲ. 2012ರಲ್ಲಿ ಚೀನಾದ ಲ್ಯೂಜೌನಲ್ಲಿ ನದಿಗೆ ಇಳಿದವರಿಗೆ ಕಚ್ಚಿದಾಗ ಹಿಡಿದು ಕೊಟ್ಟ ಒಂದೊಂದು ಪಿರಾನಾಗೂ 1,000 ಯುವಾನ್ ಬಹುಮಾನ ಇಟ್ರು.

ಬಹುಪಾಲು ಕಾನೂನು ತರೋದನ್ನ, ಮಾರೋದನ್ನ, ಇಟ್ಕೊಳ್ಳೋದನ್ನ ಹಿಡಿಯತ್ತೆ. ಈಗಾಗ್ಲೇ ಮನೆಯಲ್ಲಿದೆ, ಇನ್ನು ಸಾಕೋಕಾಗ್ತಿಲ್ಲ ಅನ್ನೋ ಮನುಷ್ಯ ಬಾಯಿ ಬಿಟ್ರೆ ದಂಡ, ಕತ್ತಲಲ್ಲಿ ಕೆರೆಗೆ ಸುರಿದ್ರೆ ಕೇಳೋರಿಲ್ಲ, ಹಂಗಿದ್ರೆ ಅವನು ಯಾವುದನ್ನ ಆರಿಸ್ಕೊಳ್ತಾನೆ? ಫ್ಲೋರಿಡಾ ಇದನ್ನ ಸ್ವಲ್ಪ ಅರ್ಥ ಮಾಡ್ಕೊಂಡಿದೆ. ಹೊರದೇಶದ ಸಾಕುಪ್ರಾಣಿ ತಂದು ಒಪ್ಪಿಸಿ, ಕೇಸ್ ಹಾಕಲ್ಲ, ಬೇರೆ ಮನೆ ಹುಡುಕಿ ಕೊಡ್ತೀವಿ ಅನ್ನೋ ಯೋಜನೆ ಅಲ್ಲಿ ಶುರುವಾಗಿದ್ದು 2006ರಲ್ಲಿ, ಆ ಕೊಳಕ್ಕೆ ವಿಷ ಹಾಕಿ 29 ವರ್ಷ ಆದ್ಮೇಲೆ.