ಕಡತದಲ್ಲಿ ಅರಸರ ಹೆಸರಿದ್ದರೆ ಸಾಕೇ?

ಹೊಸನಗರ ಕಡೆಯ ಒಬ್ಬರು ಶಿವಮೊಗ್ಗದ ನಮ್ಮ ಕಚೇರಿಗೆ ಬಂದಿದ್ದರು. ಒಂದೂವರೆ ಎಕರೆ ತೋಟ, ಎರಡು ಎಮ್ಮೆ. ಬೆರಳಲ್ಲಿ ಅಡಿಕೆ ಚೊಗರಿನ ಕಲೆ ಇನ್ನೂ ಹೋಗಿರಲಿಲ್ಲ. ಕೆಂಪು ಬಟ್ಟೆ ಬಿಚ್ಚಿ ಒಂದು ಕಡತ ಮೇಜಿನ ಮೇಲಿಟ್ಟರು. "ನಾವು ಕೆಳದಿ ಅರಸರ ವಂಶದವರು ಸಾರ್. ದಾಯಾದಿಗಳು ಒಪ್ಪಲ್ಲ, ಅರಸರ ಕಡೆಯವರು ತಾವೇ ಅಂತಾರೆ."

ಮನೆತನದ ನೆನಪನ್ನು ಇಷ್ಟು ಜೋಪಾನ ಮಾಡಿದವರನ್ನು ಕಂಡರೆ ನನಗೆ ಗೌರವ. ಆದರೂ ವಕೀಲನಾಗಿ ಇದ್ದದ್ದು ಇದ್ದ ಹಾಗೆ ಹೇಳಲೇಬೇಕು.

ಕಡತ ಅಂದರೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆ. ಬರೆಯುವುದು ಬಳಪದಲ್ಲಿ. ಒರೆಸಿ ಮತ್ತೆ ಬರೆಯಬಹುದು. ಲೆಕ್ಕ ಇಡುವವರಿಗೆ ಅದು ಅನುಕೂಲ, ಸಾಕ್ಷ್ಯಕ್ಕೆ ಅದೇ ತೊಡಕು. ಇವರ ಕಡತದಲ್ಲಿದ್ದದ್ದು ಸೋಮಶೇಖರ ನಾಯಕರು ಉಂಬಳಿ, ಅಂದರೆ ಸೇವೆಗಾಗಿ ಜಮೀನು, ಕೊಟ್ಟ ವಿಚಾರ. ಯಾವ ಸೋಮಶೇಖರ? ಕೆಳದಿಯ ರಾಣಿ ಚೆನ್ನಮ್ಮನ ಗಂಡನ ಹೆಸರೂ ಅದೇ, ಕೊನೆಯ ರಾಣಿ ವೀರಮ್ಮಾಜಿಯ ದತ್ತುಮಗನ ಹೆಸರೂ ಅದೇ. ಉಂಬಳಿ ಸಿಕ್ಕಿತ್ತು ಅಂದರೆ ಅರಮನೆಯ ಸೇವೆಯಲ್ಲಿದ್ದರು ಅಂತ ಹೇಳಬಹುದು. ರಕ್ತಸಂಬಂಧ ಇತ್ತು ಅಂತ ಹೇಳಲು ಅಷ್ಟು ಸಾಲದು.

ಮುದ್ರೆಯ ಕಥೆಯೂ ಹೀಗೇ. 1830ರಲ್ಲಿ ಬೂದಿ ಬಸಪ್ಪ ಎಂಬವನು ನಗರದ, ಅಂದರೆ ಕೆಳದಿಯವರ ರಾಜಧಾನಿ ಬಿದನೂರಿನ, ಅರಸರ ಮುದ್ರೆ ಹಿಡಿದು, ತಾನೇ ದೊರೆ ಎಂದ. ಕಂದಾಯದ ಕಾಟಕ್ಕೆ ಬೇಸತ್ತ ರೈತರು ಬೆನ್ನಿಗೆ ನಿಂತರು. ಮೈಸೂರಿನ ಆಡಳಿತ 1831ರಲ್ಲಿ ಬ್ರಿಟಿಷರ ಕೈಗೆ ಹೋಗಲು ಆ ದಂಗೆಯೂ ಒಂದು ಕಾರಣ. ಆದರೆ ಮುದ್ರೆ ಕೈಯಲ್ಲಿತ್ತು ಅನ್ನುವುದರಿಂದ ಅವನ ಹುಟ್ಟು ರುಜುವಾತಾಗಲಿಲ್ಲ.

ಹೈದರಾಲಿ ಬಿದನೂರು ಹಿಡಿದು ಕೆಳದಿ ಅರಸರ ಆಳ್ವಿಕೆ ಮುಗಿದದ್ದು 1763ರಲ್ಲಿ. ಅಲ್ಲಿಂದ ಇಲ್ಲಿಗೆ ಹತ್ತು ತಲೆಮಾರಾದರೂ ಆಗಿರಬೇಕು, ಅಲ್ವಾ? ಒಂದೊಂದು ತಲೆಮಾರಿಗೂ ಇಂಥವರ ಮಗ ಇಂಥವರು ಅನ್ನುವ ಆಧಾರ ಬೇಕು. ದತ್ತು ಆಗಿದ್ದರೆ ಅದಕ್ಕೂ ಬೇಕು. ಚೆನ್ನಮ್ಮನ ನಂತರ ಆಳಿದ ಬಸಪ್ಪ ನಾಯಕನೂ ದತ್ತುಮಗನೇ. ಇನ್ನು ರಾಜಧನದ, ಅಂದರೆ ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ಹಣದ, ಆಸೆ ಯಾರಿಗೂ ಬೇಡ, 1971ರಲ್ಲೇ ಅದು ರದ್ದಾಗಿದೆ.

"ಅಜ್ಜ ಬರೆದ ಕಾಗದ ಏನಾದರೂ ಇದೆಯಾ?" ಎಂದು ಕೇಳಿದೆ. ಜಗಳ ಹುಟ್ಟುವ ಮೊದಲೇ, ತೀರಿಹೋದ ಹಿರಿಯರು ಸಂಬಂಧದ ಬಗ್ಗೆ ಬರೆದಿಟ್ಟ ಮಾತನ್ನು ಕೋರ್ಟು ಸಾಕ್ಷ್ಯವಾಗಿ ನೋಡುತ್ತದೆ. ಮದುವೆ ಕರೆಯೋಲೆಯ ಒಂದು ಸಾಲು ಸಿಕ್ಕರೂ ಮನೆಯಲ್ಲಿ ಉಳಿದ ಹಳೆಯ ಕತ್ತಿ, ಪೇಟಗಳಿಗಿಂತ ಜಾಸ್ತಿ ಉಪಯೋಗ.

"ಅಟ್ಟದ ಮೇಲೆ ಒಂದು ಟ್ರಂಕ್ ಇದೆ ಸಾರ್" ಎಂದರು. ಎಲ್ಲವನ್ನೂ ತರಲು ಹೇಳಿದೆ. ಕಡತದ ಧೂಳನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಳಪದ ಅಕ್ಷರ ಹೋಗಿಬಿಡುತ್ತದೆ ಎಂದೆ.