ಹೊಗೆ ಬಿಡದ ರೈಲನ್ನು ಯಾರು ಉಳಿಸುತ್ತಾರೆ?

ಬ್ಯಾಟರಿ ರೈಲು ಅಂದ ಕೂಡಲೇ 'ಓ, ಹೊಸ ತಂತ್ರಜ್ಞಾನ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಐರ್ಲೆಂಡಿನ ಡಬ್ಲಿನ್‌ನಿಂದ ಕಡಲತೀರದ ಬ್ರೇ ಪಟ್ಟಣಕ್ಕೆ ಜನ 1932ರಲ್ಲೇ ಬ್ಯಾಟರಿ ರೈಲಿನಲ್ಲಿ ಓಡಾಡುತ್ತಿದ್ದರು. ಸುಮ್ನೆ ಒಂದು ದಿನದ ಪ್ರದರ್ಶನವಲ್ಲ. 1949ರ ತನಕ, ಟಿಕೆಟ್ ತೆಗೆದು ಹತ್ತುವ ರೈಲು.

ಅದರ ಹಿಂದಿದ್ದವರು ಜೇಮ್ಸ್ ಡ್ರಮ್ ಎಂಬ ರಸಾಯನ ವಿಜ್ಞಾನಿ. ಐರ್ಲೆಂಡಿಗೆ ಕಲ್ಲಿದ್ದಲು ಬ್ರಿಟನ್ನಿನಿಂದ ಬರಬೇಕಿತ್ತು. ಆದರೆ 1929ರಲ್ಲಿ ಶ್ಯಾನನ್ ನದಿಯ ಮೇಲೆ ಆರ್ಡ್ನಾಕ್ರಷಾ ಜಲವಿದ್ಯುತ್ ಕೇಂದ್ರ ಶುರುವಾಗಿತ್ತು. ಸ್ವಂತ ಕರೆಂಟ್ ಇರುವಾಗ ಬೇರೆಯವರ ಕಲ್ಲಿದ್ದಲು ಯಾಕೆ, ಅಲ್ವಾ?

ತೊಂದರೆ ಇದ್ದದ್ದು ಬ್ಯಾಟರಿಯಲ್ಲಿ. ಆಗಿನ ಸೀಸದ ಬ್ಯಾಟರಿ ಭಾರ ಜಾಸ್ತಿ, ಚಾರ್ಜ್ ಆಗುವುದು ನಿಧಾನ. ಉಪನಗರದ ರೈಲಿಗೆ ಅದು ಒಗ್ಗುವುದಿಲ್ಲ. ಇಂಥ ರೈಲು ಮತ್ತೆ ಮತ್ತೆ ನಿಲ್ಲುತ್ತದೆ, ಪ್ರತಿ ಸಲ ಹೊರಡುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಕೊನೆಯ ನಿಲ್ದಾಣದಲ್ಲಿ ಸಿಗುವ ಬಿಡುವೂ ಸ್ವಲ್ಪವೇ. ಡ್ರಮ್ ನಿಕಲ್ ಮತ್ತು ಸತುವನ್ನು ಹಿಡಿದರು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸತು ಕರಗಿರುತ್ತದೆ. ಚಾರ್ಜ್ ಮಾಡಿದಾಗ ಅದು ಲೋಹವಾಗಿ ಜಾಲರಿಯ ಮೇಲೆ ಕೂರುತ್ತದೆ, ರೈಲು ಓಡುವಾಗ ಮತ್ತೆ ಕರಗುತ್ತದೆ. ಈ ಬ್ಯಾಟರಿ ಕೋಶದ ಒಳಗೆ ಕರೆಂಟಿಗೆ ತಡೆ ಕಡಿಮೆ. ಬಾಯಿ ಅಗಲವಾದ ಕೊಳಗದ ಹಾಗೆ, ತುಂಬುವುದೂ ಬೇಗ, ಸುರಿಯುವುದೂ ಬೇಗ. ಸತುವಿಗೆ ಒಂದು ಕೆಟ್ಟ ಗುಣವಿದೆ: ಪ್ರತಿ ಸಲ ಒಂದೇ ಸಮ ಕೂರುವುದಿಲ್ಲ. ಅಲ್ಲಲ್ಲಿ ಚೂಪಾಗಿ ಬೆಳೆದು ಎದುರಿನ ತಗಡನ್ನು ಮುಟ್ಟಿದರೆ ಶಾರ್ಟ್. ನಿಕಲ್-ಸತು ಬ್ಯಾಟರಿ ಮಾಡುವವರಿಗೆ ಇದು ಇವತ್ತಿಗೂ ತಲೆನೋವು.

ಎರಡನೇ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ಬರ ಬಂದು ಉಗಿಬಂಡಿಗಳು ಕಡಿಮೆಯಾದಾಗ ಡ್ರಮ್ ರೈಲುಗಳು ಕೈ ಹಿಡಿದವು. ಇದ್ದದ್ದೇ ನಾಲ್ಕು. 1949ರಲ್ಲಿ ಅವು ನಿಂತವು. ಬ್ಯಾಟರಿ ತೆಗೆದ ಮೇಲೆ ಉಳಿದದ್ದು ಮಾಮೂಲಿ ಬೋಗಿ. ಬೇರೆ ಇಂಜಿನ್ ಎಳೆದುಕೊಂಡು ಹೋಯಿತು, ಆಮೇಲೆ ಗುಜರಿ.

ಉಗಿ ಇಂಜಿನ್‌ಗಳ ಕಥೆಯೇ ಬೇರೆ. ಅವುಗಳನ್ನು ಉಳಿಸಿಡಲೆಂದೇ 1964ರಲ್ಲಿ ಒಂದು ಸಂಘವೇ ಹುಟ್ಟಿತು: ರೈಲ್ವೇ ಪ್ರಿಸರ್ವೇಶನ್ ಸೊಸೈಟಿ ಆಫ್ ಐರ್ಲೆಂಡ್. ಬೆಲ್‌ಫಾಸ್ಟ್ ಕಡೆಯ ವೈಟ್‌ಹೆಡ್‌ನಲ್ಲಿ ಅದರ ಶೆಡ್ಡು. 1879ರಲ್ಲಿ ಕಟ್ಟಿದ ಇಂಜಿನ್ ನಂಬರ್ 186, 1913ರ ನಂಬರ್ 171, ಮತ್ತೆ 1947ರ ನಂಬರ್ 4, ಎಲ್ಲ ಅವರ ಬಳಿ ಇವೆ. ಈ ನಂಬರ್ 4ರ ಜಾತಿಯ ಇಂಜಿನ್‌ಗಳು 1970ರವರೆಗೂ ಬೆಲ್‌ಫಾಸ್ಟ್ ಹತ್ತಿರದ ಹೆದ್ದಾರಿಗೆ ಕಲ್ಲುಮಣ್ಣು ಹೊತ್ತಿವೆ. ಇವನ್ನು ಓಡಿಸುವುದೂ ಸುಲಭವಲ್ಲ. ತಣ್ಣಗಿರುವ ಬಾಯ್ಲರಿಗೆ ಹಿಂದಿನ ದಿನವೇ ಸಣ್ಣ ಬೆಂಕಿ ಹಾಕಬೇಕು. ಅವಸರ ಮಾಡಿದರೆ ತಾಮ್ರ ಒಂದಷ್ಟು, ಉಕ್ಕು ಇನ್ನೊಂದಷ್ಟು ಹಿಗ್ಗಿ, ಕೊಳವೆಗಳ ತುದಿಯಲ್ಲಿ ನೀರು ಜಿನುಗುತ್ತದೆ.

ಒಂದು ಕೆಟ್ಟರೆ ಪಕ್ಕದ ಬ್ರಿಟನ್ನಿನಿಂದ ಇನ್ನೊಂದನ್ನು ತಂದು ಓಡಿಸೋಣ ಅಂದರೆ ಆಗದು. ಅಲ್ಲಿಯ ಹಳಿ ಅಗಲ 1435 ಮಿ.ಮೀ., ಇಲ್ಲಿಯದು 1600. ಮೊದಲು ಐರ್ಲೆಂಡಿನಲ್ಲಿ ಮೂರು ಕಂಪನಿಗೆ ಮೂರು ಅಳತೆ ಇತ್ತು. ಜಗಳ ಜೋರಾಗಿ, 1846ರ ಕಾನೂನು ಆ ಮೂರರಲ್ಲಿ ಒಂದೂ ಅಲ್ಲದ ಈ ನಾಲ್ಕನೆಯದನ್ನು ಗಟ್ಟಿ ಮಾಡಿತು! ನಮ್ಮ ಬ್ರಾಡ್‌ಗೇಜ್ 1676, ಅದೂ ಹೊಂದುವುದಿಲ್ಲ. ಹೊಸ ರೈಲು ಕೊಳ್ಳುವಾಗಲೂ ಇದೇ ಪಾಡು. ಗಾಲಿ, ಅಚ್ಚು ಎಲ್ಲವನ್ನೂ ಈ ಅಳತೆಗೆ ಬೇರೆಯಾಗಿ ಮಾಡಿಸಬೇಕು.

2021ರಲ್ಲಿ ಐರಿಷ್ ರೈಲ್ವೆ ಆಲ್‌ಸ್ಟಾಮ್ ಕಂಪನಿಯ ಜೊತೆ 750 ಬೋಗಿಗಳವರೆಗೆ ಕೊಳ್ಳಬಹುದಾದ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತಿನಲ್ಲೇ ಬ್ಯಾಟರಿ ರೈಲುಗಳಿವೆ. ಡಬ್ಲಿನ್‌ನ ಉತ್ತರಕ್ಕೆ ವಿದ್ಯುತ್ ತಂತಿ ಮಾಲಾಹೈಡ್‌ಗೆ ಮುಗಿಯುತ್ತದೆ. ಅಲ್ಲಿಂದ ದ್ರಾಹೆಡಾವರೆಗೆ ಸುಮಾರು 36 ಕಿ.ಮೀ. ಬ್ಯಾಟರಿಯೇ ಗತಿ. ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಒಂದಷ್ಟು ಕರೆಂಟನ್ನು ವಾಪಸ್ ತುಂಬುತ್ತದೆ.

ಮುಂದೆ ಈ ಬ್ಯಾಟರಿ ರೈಲುಗಳನ್ನು ಉಳಿಸಲು ಹೊರಟವರ ಕಷ್ಟ ವೈಟ್‌ಹೆಡ್‌ನವರದಕ್ಕಿಂತ ದೊಡ್ಡದು. 186ಕ್ಕೆ ಬೇಕಾದ ಕೊಳವೆಯನ್ನೋ ಪಿನ್ನನ್ನೋ ನಕ್ಷೆ ನೋಡಿ ಲೇತಿನಲ್ಲಿ ಕಡೆಯಬಹುದು. ಈ ಹೊಸ ರೈಲುಗಳ ಲಿಥಿಯಂ ಬ್ಯಾಟರಿ ಸುಮ್ಮನೆ ನಿಂತಿದ್ದರೂ ಮುದಿಯಾಗುತ್ತದೆ, ಅದನ್ನು ಕಾಯುವ ಸಾಫ್ಟ್‌ವೇರ್, ರೈಲು ಮಾಡಿದ ಕಂಪನಿಯ ಕೈಯಲ್ಲಿರುತ್ತದೆ. ಹಾಗಾಗಿ ಆ ಕೋಡ್ ಮತ್ತು ಬ್ಯಾಟರಿಯ ನಕ್ಷೆಗಳನ್ನು ರೈಲು ಓಡುತ್ತಿರುವಾಗಲೇ ಯಾವುದಾದರೂ ಮ್ಯೂಸಿಯಂ ಕೇಳಿ ತೆಗೆದಿಟ್ಟುಕೊಳ್ಳಬೇಕು.